ಆರೋಗ್ಯವಾಗಿರುವ ಮಗುವಿಗೆ ಎತ್ತರದ ಇಂಜೆಕ್ಷನ್ ಬೇಕಾ? ಆನ್‌ಲೈನ್ ಗ್ರೂಪಿನಲ್ಲಿ ಮಕ್ಕಳ ಹಾರ್ಮೋನ್ ಡಾಕ್ಟರ್ ಜೊತೆ ಪ್ರಶ್ನೋತ್ತರ

ವಿದ್ಯಾರ್ಥಿ: ಮೇಡಂ, ಗೆಳೆಯನಿಗೆ ಎಡಿಎಚ್‌ಡಿಗೆ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಬರೆದುಕೊಟ್ಟಿರೋ ಮೀಥೈಲ್‌ಫೆನಿಡೇಟ್ ಮಾತ್ರೆ ಪರೀಕ್ಷೆಗೆ ಮುಂಚೆ ನಾನೂ ತಗೋಬಹುದಾ?

ಡಾಕ್ಟರ್: ಬೇಡ. ನಿದ್ದೆ, ಹಸಿವು ಕೆಡುತ್ತೆ, ಬಿಪಿ ಏರುತ್ತೆ. ಎಚ್ಚರ ಇದ್ದ ಮಾತ್ರಕ್ಕೆ ಓದಿದ್ದು ತಲೆಗೆ ಹತ್ತಲ್ಲ.

ಒಬ್ಬ ತಾಯಿ: ಮಗನಿಗೆ 11 ವರ್ಷ, ಕ್ಲಾಸಿಗೆಲ್ಲ ಅವನೇ ಕುಳ್ಳ. ಟೆಸ್ಟ್ ಎಲ್ಲ ನಾರ್ಮಲ್. ಗ್ರೋತ್ ಹಾರ್ಮೋನ್ ಕೊಡಿಸೋಣ ಅಂತ ನಮ್ಮ ಯಜಮಾನರ ಹಠ. ತಪ್ಪಾ ಮೇಡಂ?

ಡಾಕ್ಟರ್: ಇಂಥ ಪ್ರಶ್ನೆ ಬಂದಾಗ ನನಗೆ ನಿಜಕ್ಕೂ ಚಿಂತೆಯಾಗುತ್ತೆ ಅಮ್ಮಾ. ಹಾರ್ಮೋನ್ ಕೊರತೆ ಇದ್ದರೆ ಅದು ಚಿಕಿತ್ಸೆ, ಎರಡು ಮಾತಿಲ್ಲ. ಆದರೆ ಕಾರಣವೇ ಸಿಗದ ತೀರಾ ಕುಳ್ಳ ಮಕ್ಕಳಿಗೂ ಕೊಡಬಹುದು ಅಂತ 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು, ಅಲ್ಲಿಂದ ಕಾಯಿಲೆಗೆ ಕೊಡೋದು ಯಾವುದು, ಆಸೆಗೆ ಕೊಡೋದು ಯಾವುದು ಅನ್ನೋದೇ ಕಲಸಿಹೋಯಿತು. ವರ್ಷಗಟ್ಟಲೆ ದಿನಾ ಸೂಜಿ ಚುಚ್ಚಿದ ಮೇಲೆ ಅಂಥ ಮಕ್ಕಳಿಗೆ ಸಿಗೋದು ಸರಾಸರಿ ಸುಮಾರು 5 ಸೆಂಟಿಮೀಟರ್, ಕೆಲವರಿಗೆ ಅದೂ ಇಲ್ಲ. ಸೂಜಿ ಹತ್ತಿರ ತಂದಾಗ ತೊಡೆ ಬಿಗಿ ಮಾಡಿಕೊಂಡು, 'ನಾನು ಸರಿಯಿಲ್ವಾ?' ಅಂತ ಕೇಳುವ ಮಕ್ಕಳನ್ನು ನೋಡಿದ್ದೇನೆ. ಆರೋಗ್ಯವಾಗಿರುವ ಮಗುವಿಗೆ ನಾವೇ ಆ ಅನುಮಾನ ಹುಟ್ಟಿಸಬೇಕಾ? ಎಲ್ಲರೂ 5 ಸೆಂಟಿಮೀಟರ್ ಬೆಳೆದರೂ ಸಾಲಿನಲ್ಲಿ ಎಲ್ಲರಿಗಿಂತ ಕುಳ್ಳ ಒಬ್ಬ ಇದ್ದೇ ಇರ್ತಾನೆ. ರೇಗಿಸೋರನ್ನು ತಡೆಯೋದು ದೊಡ್ಡವರ ಕೆಲಸ, ಅದಕ್ಕೆ ಇವನ ಮೈಗೆ ಯಾಕೆ ಚುಚ್ಚೋದು? ಮೂಳೆಯ ವಯಸ್ಸು, ಅಂದರೆ ಮೂಳೆ ಎಷ್ಟು ಬಲಿತಿದೆ ಅಂತ ನೋಡೋ ಎಕ್ಸ್‌ರೇ ಆಗಿದೆಯಾ?

ಸದಸ್ಯ 1: ಫಾರ್ವರ್ಡ್ ಬಂದಿದೆ. ಹಣೆಗೆ 9 ವೋಲ್ಟ್ ಬ್ಯಾಟರಿ ಕಟ್ಟಿಕೊಂಡರೆ ಜ್ಞಾಪಕಶಕ್ತಿ ದುಪ್ಪಟ್ಟಂತೆ!

ಡಾಕ್ಟರ್: ಚರ್ಮ ಸುಡುತ್ತೆ. ದಯವಿಟ್ಟು ಡಿಲೀಟ್ ಮಾಡಿ. ಯಾವುದಾದರೂ ಮಗು ನೋಡಿ ಹಾಗೇ ಮಾಡಿಕೊಂಡರೆ ಯಾರು ಹೊಣೆ?

ಸದಸ್ಯ 2: ಕನ್ನಡಕ, ಲಸಿಕೆ ಎಲ್ಲ ಮೈಯನ್ನು ಸುಧಾರಿಸೋದೇ ಅಲ್ವಾ? ಎತ್ತರಕ್ಕೆ ಮಾತ್ರ ಯಾಕೆ ತಕರಾರು?

ಸದಸ್ಯ 3: ನನಗೆ ಲಸಿಕೆ ಹಾಕಿದರೆ ನಿಮಗೂ ರಕ್ಷಣೆ. ನಾನು ಎತ್ತರ ಆದರೆ ನೀವು ಕುಳ್ಳ ಆಗ್ತೀರಿ. ಎರಡೂ ಒಂದೇನಾ?

ಸದಸ್ಯ 2: ಹಾಗಾದರೆ ಟ್ಯೂಷನ್ನೂ ನಿಲ್ಲಿಸಿ! ದುಡ್ಡಿರೋರು ಕೊಡಿಸ್ತಾರೆ, ನಿಮಗೇನು ಹೊಟ್ಟೆಕಿಚ್ಚು?

ಸದಸ್ಯ 3: ಮಾತು ಹಿಡಿತದಲ್ಲಿರಲಿ. ದುಡ್ಡಿಲ್ಲದವರ ಮಕ್ಕಳು ಏನು ಮಾಡಬೇಕು, ಅದು ಹೇಳಿ.

ಗಾಯಕಿ: ವೇದಿಕೆಯಲ್ಲಿ ಕೈ ನಡುಗದ ಹಾಗೆ ಎದೆಬಡಿತ ಇಳಿಸೋ ಬೀಟಾ ಬ್ಲಾಕರ್ ಮಾತ್ರೆ ತಗೊಂಡ್ರೆ ಅದು ಮೋಸನಾ?

ಸದಸ್ಯ 4: ಭ್ರೂಣದಲ್ಲೇ ಜೀನ್ ತಿದ್ದಿಸಿಬಿಟ್ಟರೆ?

ಡಾಕ್ಟರ್: 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಎಚ್‌ಐವಿ ತಗುಲದಿರಲಿ ಅಂತ ಕ್ರಿಸ್ಪರ್ ಅನ್ನೋ ಜೀನ್ ತಿದ್ದುವ ತಂತ್ರ ಬಳಸಿ ಅವಳಿ ಹೆಣ್ಣುಮಕ್ಕಳ ಜೀನ್ ತಿದ್ದಿದ್ದಾಗಿ ಹೇಳಿದರು. ಮರುವರ್ಷ ಮೂರು ವರ್ಷ ಜೈಲು ಶಿಕ್ಷೆ ಆಯಿತು. ಆ ತಿದ್ದುಪಡಿ ಆ ಮಕ್ಕಳ ಮಕ್ಕಳಿಗೂ ದಾಟಬಹುದು. ಅವರ ಒಪ್ಪಿಗೆ ಯಾರು ಕೇಳಿದ್ದರು?

ಇನ್ನೊಬ್ಬ ವಿದ್ಯಾರ್ಥಿ: ಮೇಡಂ, ಓದೋಕೆ ಒಳ್ಳೆ ಮಾತ್ರೆ ಯಾವುದು?

ಡಾಕ್ಟರ್: ಮೇಲೆ ಓದಿ.

ಸದಸ್ಯ 2: ಟ್ಯೂಷನ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಡಾಕ್ಟರ್: ಜಗಳ ಬೇರೆ ಕಡೆ ಮಾಡಿಕೊಳ್ಳಿ. ಅಮ್ಮಾ, ಎಕ್ಸ್‌ರೇ ವಿಷಯ ಹೇಳಲೇ ಇಲ್ಲ ನೀವು. ತಡವಾಗಿ ಬೆಳೆಯುವ ಮಕ್ಕಳೂ ಇರ್ತಾರೆ. ಇವನು ಅಂಥವನಾ ಅಂತ ಆ ಎಕ್ಸ್‌ರೇಯಿಂದ ಗೊತ್ತಾಗೋ ತನಕ ಇಂಜೆಕ್ಷನ್ ಶುರು ಮಾಡಬೇಡಿ.