ಶೇಂಗಾ ಕಿತ್ತ ಹೊಲದ ಹಕ್ಕಲು ಯಾರದ್ದು?

ಚಳ್ಳಕೆರೆ ಹುಡುಗ:
ನಮ್ಮ ಕಡೆ ಶೇಂಗಾ ಕಿತ್ತ ಮೇಲೆ ಊರಿನ ಹೆಂಗಸರು ಚೀಲ ಹಿಡಿದು ಹಕ್ಕಲು, ಅಂದರೆ ಹೊಲದಲ್ಲಿ ಉಳಿದ ಕಾಯಿ, ಆಯಲು ಬರುತ್ತಾರೆ. ಈ ಸಲ ಅಣ್ಣ ಬೇಡ ಅನ್ನುತ್ತಿದ್ದಾನೆ. ಮಳೆ ಕೈಕೊಟ್ಟಿದೆ, ಇನ್ನೊಂದು ಸಲ ಕುಂಟೆ ಹೊಡೆದು ಮಣ್ಣಲ್ಲಿ ಉಳಿದ ಕಾಯಿ ನಾವೇ ಆರಿಸಿಕೊಳ್ಳೋಣ ಅಂತ. ಅಮ್ಮ ಚರ್ಚಿಗೆ ಹೋಗುವವರು. ಬೈಬಲ್ಲಿನ ರೂತಳ ಕಥೆ, ಅಂದರೆ ಬೋವಜ ಎಂಬುವನ ಹೊಲದಲ್ಲಿ ಹಕ್ಕಲು ಆಯ್ದ ಬಡ ಹೆಂಗಸಿನ ಕಥೆ ಹೇಳಿ, "ಅದು ನಮ್ಮದಲ್ಲ ಕಣೋ" ಅನ್ನುತ್ತಾರೆ. ಬೋವಜ ಒಳ್ಳೆಯವನು, ಬಿಟ್ಟ. ಬಿಡದಿದ್ದರೆ ತಪ್ಪೇನಿತ್ತು?

ದಾವಣಗೆರೆ ಮೇಷ್ಟ್ರು:
ತಪ್ಪೇ. ನಿಮ್ಮ ತಾಯಿ ಹೇಳಿದ್ದು ಸರಿ. ಹೊಲದ ಅಂಚು ಪೂರ್ತಿ ಕೊಯ್ಯಬೇಡಿ, ಹಕ್ಕಲು ಆಯಬೇಡಿ, ಅದು ಬಡವರಿಗೆ, ಪರದೇಶಿಗಳಿಗೆ ಅಂತ ಬೈಬಲ್ಲಿನ ಯಾಜಕಕಾಂಡ 19ನೇ ಅಧ್ಯಾಯದಲ್ಲೇ ಇದೆ. ರೂತಳು ಮೋವಾಬ್ ದೇಶದಿಂದ ಬಂದ ಪರದೇಶಿ, ವಿಧವೆ ಬೇರೆ. ಬೋವಜ ತನ್ನ ಕಡೆಯಿಂದ ಸೇರಿಸಿದ್ದು ಅದರ ಮೇಲಿನದು: ಕಟ್ಟಿನಿಂದಲೇ ತೆನೆ ಎಳೆದು ಬೀಳಿಸಿ, ಗದರಿಸಬೇಡಿ ಅಂತ ಆಳುಗಳಿಗೆ ಹೇಳಿದ. ಸಂಜೆಗೆ ಅವಳು ಬಡಿದಾಗ ಹೆಚ್ಚುಕಮ್ಮಿ ಒಂದು ಏಫಾ ಜವೆಗೋಧಿ ಸಿಕ್ಕಿತು. 20 ಲೀಟರಿಗಿಂತ ಜಾಸ್ತಿ!

ಧರ್ಮೋಪದೇಶಕಾಂಡ 24 ಇನ್ನೂ ಬಿಗಿ. ಹೊಲದಲ್ಲಿ ಮರೆತು ಬಂದ ಸಿವುಡಿಗೆ ವಾಪಸ್ ಹೋಗಬಾರದು. ಆಲಿವ್ ಮರ ಬಡಿದ ಮೇಲೆ ಉಳಿದ ಕಾಯಿಗೆ ಮತ್ತೆ ಕೈ ಹಾಕಬಾರದು. ನಿಮ್ಮಣ್ಣನ ಎರಡನೇ ಕುಂಟೆ ಇದೇ ಅಲ್ವಾ? (ಶೇಂಗಾ ಬೈಬಲ್ ಕಾಲದವರಿಗೆ ಗೊತ್ತೇ ಇರಲಿಲ್ಲ ಬಿಡಿ, ಅದು ಅಮೆರಿಕದ ಬೆಳೆ.) ಮುಂದೆ ಯೆಹೂದಿ ಗುರುಗಳು ಮಿಷ್ನಾ ಎಂಬ ತಮ್ಮ ಧರ್ಮನಿಯಮಗಳ ಗ್ರಂಥದಲ್ಲಿ ಲೆಕ್ಕವನ್ನೂ ಹಾಕಿದರು. ಬಿಡುವ ಅಂಚು 60ರಲ್ಲಿ ಒಂದು ಪಾಲಿಗಿಂತ ಕಮ್ಮಿ ಇರಬಾರದು. ಒಬ್ಬರಿಗೆ ಆಯಲು ಬಿಟ್ಟು ಇನ್ನೊಬ್ಬರನ್ನು ತಡೆದರೆ ಬಡವರನ್ನು ದೋಚಿದ ಹಾಗೆ.

ಹಿರಿಯೂರಿನಿಂದ:
ಮೇಷ್ಟ್ರೇ, ರೈತನ ಮನೆಯಲ್ಲೇ ಕಾಳಿಲ್ಲದಿದ್ದರೆ? ಸಾಲಕ್ಕೆ ಬಡ್ಡಿ ಕಟ್ಟುವವನಿಗೆ ಸುಮ್ನೆ ಧರ್ಮ ಹೇಳಿದರೆ ಆಯಿತಾ?

ದಾವಣಗೆರೆ ಮೇಷ್ಟ್ರು:
ನ್ಯಾಯವಾದ ಮಾತು. ಬೈಬಲ್ಲಿನ ನಿಯಮಗಳು ಸಾಲಗಾರನನ್ನೂ ಕೈಬಿಟ್ಟಿಲ್ಲ. ಬಡ ಇಸ್ರಾಯೇಲ್ಯನಿಂದ ಬಡ್ಡಿ ತೆಗೆದುಕೊಳ್ಳುವಂತಿಲ್ಲ. ಬೀಸುವ ಕಲ್ಲು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಹೊದಿಕೆ ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ವಾಪಸ್ ಕೊಡಬೇಕು. 7 ವರ್ಷಕ್ಕೊಮ್ಮೆ ಸಾಲ ಬಿಡುಗಡೆ. ಹಾಗಾಗಿ ಅಣ್ಣನ ಸಿಟ್ಟು ಬಡ್ಡಿಯವರ ಮೇಲೆ ಹೋಗಲಿ, ಚೀಲ ಹಿಡಿದ ಹೆಂಗಸರ ಮೇಲೆ ಯಾಕೆ?

ಚಳ್ಳಕೆರೆ ಹುಡುಗ:
ಅಣ್ಣನಿಗೆ ಓದಿ ಹೇಳಿದೆ. ಅವನಿಗೆ ಹಿಡಿಸಿದ್ದು 60ರ ಲೆಕ್ಕ ಮಾತ್ರ. "ನಾನು ರಸ್ತೆ ಕಡೆಯ ಅರ್ಧ ಹೊಲ ಬಿಡುತ್ತೇನೆ, ಮಿಕ್ಕಿದ್ದಕ್ಕೆ ಕುಂಟೆ ಹೊಡೆಯುವುದೇ" ಅಂದ. ಅಮ್ಮ ಒಪ್ಪುತ್ತಿಲ್ಲ.

ದಾವಣಗೆರೆ ಮೇಷ್ಟ್ರು:
ಆ ಲೆಕ್ಕ ಅಂಚಿಗೆ ಕಣಪ್ಪ, ಹಕ್ಕಲಿಗಲ್ಲ. ಆದರೂ ಅರ್ಧ ಹೊಲ ಸಣ್ಣದಲ್ಲ. ಆ ಕಡೆಗಾದರೂ ಎಲ್ಲರನ್ನೂ ಬಿಡಲಿ, ಆರಿಸಿ ಕರೆಯುವುದು ಬೇಡ.