ಗೊಂಬೆ ಮೇಳದಲ್ಲಿ ಮಳಿಗೆ ಹಿಡಿಯಬೇಕೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ (ಬೆಳಗಾವಿ, ಟಿಳಕವಾಡಿ): ಚಿಕ್ಕಮ್ಮನವರು ಕೂಡಿಟ್ಟಿದ್ದ ಅರವತ್ತು ಗೊಂಬೆಗಳು ನನ್ನ ಪಾಲಿಗೆ ಬಂದಿವೆ. ಹೆಚ್ಚಿನವು ಬಾರ್ಬಿ, ಜೊತೆಗೆ ಗೋಕಾಕದಲ್ಲಿ ಮರದಿಂದ ಮಾಡುವ ಆಟಿಕೆ ಹಣ್ಣುಗಳ ಒಂದು ಬುಟ್ಟಿ. ಗೊಂಬೆ ಕೂಡಿಡುವವರು ಕೊಂಡು ಮಾರುವ ಪುಣೆಯ ಮೇಳದಲ್ಲಿ ಮಳಿಗೆ ಹಿಡಿಯಲೇ, ಮನೆಯಿಂದಲೇ ಮಾರಲೇ?

ವಿಜಯಪುರದಿಂದ: ಕಳೆದ ಚಳಿಗಾಲದಲ್ಲಿ ಎರಡು ದಿನದ ಮೇಜಿಗೆ 6,500, ಬಸ್ಸಿಗೆ 1,900, ವಸತಿಗೆ 2,800, ಮೇಜಿನ ಮೇಲೆ ಹಾಸುವ ಕಪ್ಪು ಬಟ್ಟೆಗೆ 640, ಹೀಗೆ 11,840 ರೂಪಾಯಿ ಸುರಿದೆ. ಬಂದದ್ದು 7,300. ಜನ ಡಬ್ಬಿಯನ್ನು ತಿರುಗಿಸಿ ನೋಡಿ, ಮೊಬೈಲಿನಲ್ಲಿ ಬೆಲೆ ಹುಡುಕಿ, ಇನ್ನೂರು ರೂಪಾಯಿ ಕಡಿಮೆಗೆ ಬೇರೆಯವರಿಂದ ನನ್ನೆದುರಿಗೇ ತರಿಸಿಕೊಂಡರು. ಹಿಂದಿರುಗುವಾಗ ಬಸ್ಸಿನ ಡಿಕ್ಕಿಯಲ್ಲಿ ಯಾರದೋ ಜೋಳದ ಚೀಲ ಕುಳಿತು ಒಂದು ಡಬ್ಬಿಯ ಮೂಲೆ ಅಪ್ಪಚ್ಚಿಯಾಯಿತು. ಒಳಗಿನ ಗೊಂಬೆಗೆ ಏನೂ ಆಗಿರಲಿಲ್ಲ, ಆದರೂ ಅರ್ಧ ಬೆಲೆಗೆ ಕೇಳುತ್ತಾರೆ.

ಬಾಗಲಕೋಟೆಯಿಂದ: ಹಾಗೆಂದು ಮೇಳವನ್ನೇ ಹಳಿಯಬೇಡಿ. ಹಳೆಯ ಬಾರ್ಬಿಯ ಕಿವಿಯೋಲೆ ಕಿಲುಬು ಹಿಡಿದರೆ ಆ ಹಸಿರು ಪ್ಲಾಸ್ಟಿಕ್ಕಿನೊಳಗೆ ಇಳಿಯುತ್ತದೆ, ತಿಕ್ಕಿದರೆ ಹೋಗುವುದಿಲ್ಲ. ನಾನು 9,200 ಕೊಟ್ಟು ಅಂಚೆಯಲ್ಲಿ ತರಿಸಿದ ಗೊಂಬೆಯ ಎಡಗಿವಿ ಪೂರ್ತಿ ಹಸಿರಾಗಿತ್ತು. ಮಾರಿದವರು ಕಳಿಸಿದ್ದ ನಾಲ್ಕು ಚಿತ್ರಗಳಲ್ಲಿಯೂ ಬಲಗೆನ್ನೆಯೇ ಇತ್ತು. ಮೇಳದಲ್ಲಿ ಕೈಯಿಂದ ಕೂದಲು ಸರಿಸಿ ನೋಡಿದ್ದರೆ ಈ ಮೋಸ ನಡೆಯುತ್ತಿತ್ತೇ? ಮೇಳ ಸೊರಗಿದ್ದು ಆಮದು ಸುಂಕದಿಂದ. 2020ರಲ್ಲಿ ಶೇಕಡಾ 20 ಇದ್ದದ್ದು 60ಕ್ಕೆ, 2023ರಲ್ಲಿ 70ಕ್ಕೆ ಏರಿದ ಮೇಲೆ, ಹೊರಗಿನಿಂದ ತಂದು ಮಾರುತ್ತಿದ್ದ ನನ್ನ ಪರಿಚಯದ ಮೂವರೂ ಅಂಗಡಿ ಎತ್ತಿದರು.

ಗೋಕಾಕದಿಂದ: ಪ್ಲಾಸ್ಟಿಕ್ ಗೊಂಬೆಗೆ ಇಷ್ಟು ಕಣ್ಣೀರೇ? 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತಲ್ಲ, ಅದನ್ನೇ ಮುಂದೊಡ್ಡಿ ನಗರವೊಂದರ ಮೇಳದ ಬಾಗಿಲಿನಿಂದ ನನ್ನನ್ನು ಹಿಂದೆ ಕಳಿಸಿದರು. ನಾಲ್ಕು ಬುಟ್ಟಿ ಸೀತಾಫಲ, ಮಾವು, ಬಾಳೆ, ಎಲ್ಲವೂ ಮರದವು. ಟೆಂಪೋ ಬಾಡಿಗೆ 5,400 ಕೈಬಿಟ್ಟಿತು.

ಬಾಗಲಕೋಟೆಯಿಂದ: ನೋಂದಾಯಿತ ಕರಕುಶಲಕರ್ಮಿಗಳ ಸರಕಿಗೆ ಆ ಆದೇಶದಲ್ಲಿ ವಿನಾಯಿತಿ ಇದೆ. ಗುರುತಿನ ಚೀಟಿ ಒಯ್ಯದೆ ಹೋದದ್ದು ನಿಮ್ಮ ತಪ್ಪು.

ಗೋಕಾಕದಿಂದ: ಚೀಟಿ ಕಿಸೆಯಲ್ಲಿಯೇ ಇತ್ತು, ಅಣ್ಣನವರೇ. ಬಾಗಿಲಲ್ಲಿ ನಿಂತ ಹುಡುಗ ಅದನ್ನು ತಲೆಕೆಳಗಾಗಿ ಹಿಡಿದು ಓದಿದ. ಮನೆಯಲ್ಲಿ ಕುಳಿತು ಕಾನೂನು ಹೇಳುವುದು ಸುಲಭ.

ಬೆಳಗಾವಿಯಿಂದ, ನಿವೃತ್ತರು: ಸುಂಕವೊಂದೇ ಕಾರಣವೆನ್ನುವವರು ಅಮೆರಿಕವನ್ನೂ ನೋಡಬೇಕು, ಅಲ್ಲಿಯೂ ಗೊಂಬೆ ಮೇಳಗಳು ಬಡವಾಗಿವೆ. ಯಾರು ಬೇಕಾದರೂ ಹಳೆಯ ಸಾಮಾನು ಮಾರಬಹುದಾದ ಇಬೇ ಎಂಬ ಜಾಲತಾಣ 1995ರಲ್ಲಿ ಆರಂಭವಾದ ಮೇಲೆ, ಒಂದೂರಿನಲ್ಲಿ ಅಪರೂಪವೆನಿಸಿದ್ದ ಗೊಂಬೆ ನೂರು ಊರುಗಳ ಅಟ್ಟಗಳಿಂದ ಇಳಿದು ಬಂದಿತು, ಬೆಲೆಯೂ ಇಳಿಯಿತು. ಮಗನ ಮನೆಗೆ ಹೋದಾಗ ನಾನು ಕಂಡ ಮೇಳದಲ್ಲಿ ಮಾರುವವರ ತಲೆಯೂ ಕೊಳ್ಳುವವರ ತಲೆಯೂ ಬೆಳ್ಳಗಿದ್ದವು. ಮಧ್ಯಾಹ್ನ ಒಬ್ಬರ ಮೇಜಿನಿಂದ ಇನ್ನೊಬ್ಬರು ಕೊಂಡು ದಿನ ಕಳೆದರು. ನಾನೂ ಮರುಳಾಗಿ 85 ಡಾಲರ್ ತೆತ್ತು ಬಂದೆ. ಮನೆಯವರಿಗೆ 40 ಎಂದು ಹೇಳಿದ್ದೇನೆ.

ಬಾಗಲಕೋಟೆಯಿಂದ: ಅಮೆರಿಕದ ಕಥೆ ನಮಗೇಕೆ? ಸುಂಕ ಕಟ್ಟಿದವರಿಗೆ ಗೊತ್ತು ಅದರ ಬಿಸಿ.

ವಿಜಯಪುರದಿಂದ: ಅಕ್ಕನವರೇ, ನೀವು ಹೋಗಲೇಬೇಕೆಂದಿದ್ದರೆ ಡಬ್ಬಿಗಳನ್ನು ಡಿಕ್ಕಿಗೆ ಹಾಕದೆ ತೊಡೆಯ ಮೇಲಿಟ್ಟುಕೊಂಡು ಒಯ್ಯಿರಿ. ಕಪ್ಪು ಬಟ್ಟೆ ನನ್ನಲ್ಲಿದೆ. 300 ಕೊಟ್ಟರೆ ಸಾಕು, ಒಮ್ಮೆ ಮಾತ್ರ ಹಾಸಿದ್ದೇನೆ.