ಎರಡನೇ ಲೈನಿಗೆ ಬಂದ ಪ್ಯಾಕೆಟ್ ರೂಟರಿನಲ್ಲೇ ಕಾಣೆಯಾಗುತ್ತಿದೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕಚೇರಿಯ ಲಿನಕ್ಸ್ ರೂಟರಿಗೆ ಎರಡು ಇಂಟರ್ನೆಟ್ ಲೈನ್‌ಗಳಿವೆ. ಡೀಫಾಲ್ಟ್ ರೂಟ್ (ಬೇರೆ ದಾರಿ ಹೇಳದಿದ್ದಾಗ ಪ್ಯಾಕೆಟ್ ಹಿಡಿಯುವ ದಾರಿ) ಇರುವುದು ಇಟಿಎಚ್0 ಎಂಬ ಇಂಟರ್‌ಫೇಸ್ ಮೇಲೆ, ಎರಡನೇ ಲೈನ್ ಇಟಿಎಚ್1, ಒಳಜಾಲ ಇಟಿಎಚ್2. ಎರಡನೇ ಲೈನಿನ 443ನೇ ಪೋರ್ಟನ್ನು ಒಳಗಿನ 192.168.10.20 ಸರ್ವರಿಗೆ ಫಾರ್ವರ್ಡ್ ಮಾಡಿದ್ದೇನೆ. ಹೊರಗಿನಿಂದ ತೆರೆದರೆ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ಇಟಿಎಚ್1ಕ್ಕೆ ಸಿನ್ (ಸಂಪರ್ಕ ಕೋರುವ ಮೊದಲ ಪ್ಯಾಕೆಟ್) ಬರುವುದು ಕಾಣುತ್ತದೆ, ಆದರೆ ಇಟಿಎಚ್2ರಲ್ಲಿ ಏನೂ ಕಾಣುವುದಿಲ್ಲ. ಫೈರ್‌ವಾಲ್ ನಿಯಮಗಳು ಸರಿಯಾಗಿವೆ. ಇಟಿಎಚ್1ರ ಆರ್‌ಪಿ_ಫಿಲ್ಟರ್ (ಮರಳುವ ದಾರಿಯನ್ನು ತಪಾಸಣೆ ಮಾಡುವ ಕರ್ನಲ್ ಸೆಟ್ಟಿಂಗ್) 0 ಮಾಡಿದರೂ ಫಲವಿಲ್ಲ.

ಉತ್ತರ: ನೀವು ಅನುಮಾನಿಸಿದ ಜಾಗ ಸರಿಯಾಗಿಯೇ ಇದೆ. ಆರ್‌ಪಿ_ಫಿಲ್ಟರ್ 1 ಇದ್ದಾಗ, ಬಂದ ಪ್ಯಾಕೆಟ್ಟಿನ ಮೂಲ ವಿಳಾಸಕ್ಕೆ ಮರಳುವ ದಾರಿ ಅದೇ ಇಂಟರ್‌ಫೇಸಿನ ಮೂಲಕ ಇದೆಯೇ ಎಂದು ಕರ್ನಲ್ ನೋಡುತ್ತದೆ. ನಿಮ್ಮಲ್ಲಿ ಮರಳುವ ದಾರಿ ಇಟಿಎಚ್0 ಆದ್ದರಿಂದ ಅದು ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತದೆ. ಟಿಸಿಪಿಡಂಪ್ ಈ ತಪಾಸಣೆಗೂ ಮೊದಲೇ ಪ್ಯಾಕೆಟ್ಟನ್ನು ಹಿಡಿಯುವುದರಿಂದ ಸಿನ್ ನಿಮಗೆ ಕಂಡಿತು. ಇನ್ನು 0 ಮಾಡಿದ್ದು ಏಕೆ ನಾಟಲಿಲ್ಲವೆಂದರೆ, 'ಆಲ್' (ಎಲ್ಲ ಇಂಟರ್‌ಫೇಸ್‌ಗಳಿಗೂ ಅನ್ವಯಿಸುವ ಸೆಟ್ಟಿಂಗ್) ಮತ್ತು ಆ ಇಂಟರ್‌ಫೇಸ್ ಇವೆರಡರ ಬೆಲೆಗಳಲ್ಲಿ ದೊಡ್ಡದನ್ನೇ ಕರ್ನಲ್ ಪಾಲಿಸುತ್ತದೆ. 'ಆಲ್' 1 ಆಗಿದ್ದರೆ ನಿಮ್ಮ 0ಗೆ ಬೆಲೆಯಿಲ್ಲ. ಇಟಿಎಚ್1ಕ್ಕೆ 2 ಕೊಡಿ. ಆಗ ಮೂಲ ವಿಳಾಸಕ್ಕೆ ಯಾವ ಇಂಟರ್‌ಫೇಸಿನಿಂದಾದರೂ ದಾರಿಯಿದ್ದರೆ ಸಾಕು. ಬದಲಿಸುವ ಮುನ್ನ, ಕರ್ನಲ್ಲಿನ ಜಾಲ ಎಣಿಕೆಗಳನ್ನು ತೋರಿಸುವ ಎನ್‌ಸ್ಟ್ಯಾಟ್ ಆಜ್ಞೆಯಲ್ಲಿ ಐಪಿ ರಿವರ್ಸ್ ಪಾತ್ ಫಿಲ್ಟರ್ (ಈ ತಪಾಸಣೆಯಲ್ಲಿ ಬಿಸಾಡಿದ ಪ್ಯಾಕೆಟ್‌ಗಳ) ಎಣಿಕೆಯನ್ನು ನೋಡಿ. ನೀವು ಸಂಪರ್ಕಕ್ಕೆ ಯತ್ನಿಸಿದಾಗಲೆಲ್ಲ ಅದು ಏರುತ್ತಿದ್ದರೆ ರೋಗ ಇದೇ.

ಪ್ರಶ್ನೆ: 2 ಕೊಟ್ಟ ಮೇಲೆ ಸಿನ್ ಸರ್ವರನ್ನು ತಲುಪುತ್ತಿದೆ ಸರ್, ಆದರೆ ಸರ್ವರಿನ ಉತ್ತರ ಇಟಿಎಚ್0ರಿಂದ ಹೊರಡುತ್ತಿದೆ. ಎರಡನೇ ಲೈನಿನ ವಿಳಾಸದಿಂದ ಬಂದದ್ದು ಆ ಲೈನಿನ ದಾರಿ ಬರೆದಿಟ್ಟ 200ನೇ ರೂಟಿಂಗ್ ಟೇಬಲ್ ನೋಡಲಿ ಎಂಬ ಐಪಿ ರೂಲ್ (ಯಾವ ಟೇಬಲ್ ನೋಡಬೇಕೆಂಬ ನಿಯಮ) ಹಾಕಿದೆ. ಅದೂ ಹಿಡಿಯುತ್ತಿಲ್ಲ.

ಉತ್ತರ: ಆ ರೂಲ್ ರೂಟರಿನಲ್ಲೇ ನಡೆಯುವ ಸೇವೆಗಳಿಗೆ ಸಾಕು, ಫಾರ್ವರ್ಡ್ ಆದದ್ದಕ್ಕೆ ಸಾಲದು. ದಾರಿ ತೀರ್ಮಾನವಾಗುವ ಗಳಿಗೆಯಲ್ಲಿ ಉತ್ತರದ ಮೂಲ ವಿಳಾಸ ಇನ್ನೂ 192.168.10.20 ಆಗಿರುತ್ತದೆ, ಅದು ಹೊರಗಿನ ವಿಳಾಸವಾಗಿ ಬದಲಾಗುವುದು ಆಮೇಲೆ, ದಾರಿ ತೀರ್ಮಾನವಾದ ನಂತರದ ಪೋಸ್ಟ್‌ರೂಟಿಂಗ್ ಹಂತದಲ್ಲಿ. ಹಾಗೆ ಬದಲಾಗಿ ಇಟಿಎಚ್0ರಿಂದ ಹೊರಟ ಪ್ಯಾಕೆಟ್, ತನ್ನದಲ್ಲದ ವಿಳಾಸ ಹೊತ್ತಿದೆಯೆಂದು ಮೊದಲ ಸೇವಾದಾರರ ಬಳಿ ತಡೆಯಲ್ಪಡಬಹುದು. ಇಂಥ ತಡೆಯನ್ನು ಸುಳ್ಳು ಮೂಲ ವಿಳಾಸದ ಪ್ಯಾಕೆಟ್‌ಗಳನ್ನು ತಡೆಯುವ ಕುರಿತ ಇಂಟರ್ನೆಟ್ ಮಾರ್ಗದರ್ಶಿ, 2000ದ ಬಿಸಿಪಿ 38 ದಾಖಲೆಯೇ ಶಿಫಾರಸು ಮಾಡಿದೆ.

ಆದ್ದರಿಂದ ವಿಳಾಸವನ್ನು ಬಿಟ್ಟು ಸಂಪರ್ಕಕ್ಕೇ ಗುರುತು ಹಾಕಿ. ಫೈರ್‌ವಾಲಿನ ಮ್ಯಾಂಗಲ್ ಟೇಬಲ್ಲಿನ ಪ್ರೀರೂಟಿಂಗ್‌ನಲ್ಲಿ (ದಾರಿ ತೀರ್ಮಾನಕ್ಕೂ ಮೊದಲಿನ ಹಂತ), ಇಟಿಎಚ್1ರಿಂದ ಬರುವ ಹೊಸ ಸಂಪರ್ಕಕ್ಕೆ ಕನ್‌ಮಾರ್ಕ್ (ಸಂಪರ್ಕದ ಗುರುತು) 2 ಹಾಕಿ, ಇಟಿಎಚ್2ರಿಂದ ಬರುವ ಪ್ಯಾಕೆಟ್ಟಿಗೆ ಅದನ್ನು ಮರಳಿ ಹಚ್ಚಿ, ಎಫ್‌ಡಬ್ಲ್ಯೂಮಾರ್ಕ್ (ಪ್ಯಾಕೆಟ್ಟಿನ ಗುರುತು) 2 ಇದ್ದದ್ದು 200ನೇ ಟೇಬಲ್ ನೋಡುವಂತೆ ರೂಲ್ ಕೊಡಿ. ಮರಳಿ ಹಚ್ಚುವುದು ಇಟಿಎಚ್2ರಲ್ಲಿ ಮಾತ್ರ ಇರಲಿ, ದಯವಿಟ್ಟು ಇದನ್ನು ಮರೆಯಬೇಡಿ. ಇಟಿಎಚ್1ರಲ್ಲೂ ಹಚ್ಚಿದರೆ, ಒಳಗೆ ಹೋಗಬೇಕಾದ ಪ್ಯಾಕೆಟ್ 200ನೇ ಟೇಬಲ್ಲಿಗೆ ಬೀಳುತ್ತದೆ. ಅಲ್ಲಿ ಒಳಜಾಲದ ದಾರಿ ಬರೆದಿರದಿದ್ದರೆ ಬಂದ ಬಾಗಿಲಿನಿಂದಲೇ ಹೊರಕ್ಕೆ ಹೋಗುತ್ತದೆ.

'ಐಪಿ ರೂಟ್ ಗೆಟ್' ಆಜ್ಞೆಗೆ ಗ್ರಾಹಕರ ವಿಳಾಸವನ್ನೂ 'ಮಾರ್ಕ್ 2' ಎಂಬುದನ್ನೂ ಕೊಟ್ಟು ನೋಡಿ, ಇಟಿಎಚ್1 ಎಂದು ತೋರಿಸಬೇಕು. ಐಪಿ ರೂಲ್ ಮತ್ತು 200ನೇ ಟೇಬಲ್ ರೂಟರ್ ಮರುಚಾಲನೆಯಾದಾಗ ಅಳಿಸಿಹೋಗುತ್ತವೆ, ನೆಟ್‌ವರ್ಕ್ ಸಂರಚನೆಯ ಫೈಲಿನಲ್ಲಿ ಇಂದೇ ಬರೆದಿಡಿ.